ಅಂಬಾಸಿಡರ್ ಮಾರ್ಕ್ 2: ಮನೆಯ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವುದು, ಬಣ್ಣ ಬಳಿಯುವುದು

ಪ್ರಶ್ನೆ – ಸಾಗರದಿಂದ

ಎಲ್ಲರಿಗೂ ನಮಸ್ಕಾರ. ತಂದೆಯವರು 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಕಾರಿನ ಬಾಡಿ ಕೆಲಸ ಮುಗಿದಿದ್ದು, ಈಗ ಎಂಜಿನ್ನಿನ ಸರದಿ ಬಂದಿದೆ. ಕಳಚುವ ಮೊದಲು ಕಾರು ಓಡುತ್ತಿತ್ತು. ಆದರೆ ಗೇರುಸೊಪ್ಪೆ ಘಾಟಿ ಇಳಿದು, ಬುಡದಲ್ಲಿ ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ಬರುವ ವಾಹನವೇ ಕಾಣದಷ್ಟು ನೀಲಿ ಹೊಗೆ ಏಳುತ್ತಿತ್ತು. ಕಂಪ್ರೆಷನ್, ಎಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆದಾಗ ನಾಲ್ಕು ಸಿಲಿಂಡರುಗಳಲ್ಲಿ ಕ್ರಮವಾಗಿ ಚದರ ಅಂಗುಲಕ್ಕೆ 115, 110, 82, 112 ಪೌಂಡು ಬಂತು. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಅಳೆದರೆ 105ಕ್ಕೆ ಏರಿತು.

ಈಗ ಎಂಜಿನ್ ಶೆಡ್ಡಿನ ಮೇಜಿನ ಮೇಲಿದೆ. ಹೆಡ್ ಮತ್ತು ಚೇಂಬರ್ (ತಳದ ಆಯಿಲ್ ತೊಟ್ಟಿ) ಬಿಚ್ಚಿದ್ದೇನೆ. ನಮ್ಮೂರಿನ ಮೆಕ್ಯಾನಿಕ್ ಹೊಸ ರಿಂಗ್ ಹಾಕಿ ವಾಲ್ವ್ ಗ್ರೈಂಡ್ ಮಾಡಿದರೆ ಸಾಕೆನ್ನುತ್ತಾರೆ. ಅದೂ ಬೇಡವೆಂದರೆ ಹಳೆಯ ಡೀಸೆಲ್ ಎಂಜಿನ್ ಕೂರಿಸಿಕೊಡುತ್ತೇನೆ ಎಂದೂ ಹೇಳಿದ್ದಾರೆ. ಡೀಸೆಲ್ ನನಗೆ ಬೇಡ. ಆದರೆ ರಿಂಗ್ ಮಾತ್ರ ಸಾಕೇ, ಮನೆಯಲ್ಲಿ ಯಾವ ಕೆಲಸ ಮಾಡಬಹುದು, ಯಾವುದನ್ನು ಬೋರಿಂಗ್ ಅಂಗಡಿಗೆ ಒಯ್ಯಬೇಕು ಎಂಬುದು ತಿಳಿಯದು. ಬಣ್ಣದ ವಿಷಯದಲ್ಲಿಯೂ ಗೊಂದಲವಿದೆ. ಐವತ್ತು ವರ್ಷದ ಎಣ್ಣೆ ಜಿಡ್ಡನ್ನು ಕೆರೆದಾಗ ಬ್ಲಾಕಿನ ಪಕ್ಕದಲ್ಲಿ ಹೆಬ್ಬೆರಳಗಲದಷ್ಟು ಬೂದು ಮಿಶ್ರಿತ ಹಸಿರು ಬಣ್ಣ ಉಳಿದಿರುವುದು ಕಂಡಿತು. ಅದೇ ಬಣ್ಣವನ್ನು ಮರಳಿ ಹಚ್ಚುವ ಆಸೆಯಿದೆ. ಬಿಡಿ ಭಾಗಗಳಿಗೆ ಮೊದಲೇ ಹಚ್ಚಬೇಕೇ, ಜೋಡಿಸಿದ ಮೇಲೆಯೇ?

ಉತ್ತರ – ಮೈಸೂರಿನಿಂದ

ಮಾನ್ಯರೇ, ತಾವು ಕಳಚುವ ಮೊದಲೇ ಕಂಪ್ರೆಷನ್ ಅಳೆದು ಬರೆದಿಟ್ಟುಕೊಂಡದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಉತ್ತರದ ಅರ್ಧ ಭಾಗ ಆ ಅಂಕಿಗಳಲ್ಲಿಯೇ ಇದೆ. ಆಯಿಲ್ ಬಿಟ್ಟಾಗ 82 ಇದ್ದದ್ದು 105ಕ್ಕೆ ಏರಿತೆಂದರೆ ಸೋರಿಕೆ ಇರುವುದು ವಾಲ್ವಿನಲ್ಲಲ್ಲ, ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ. ಘಾಟಿ ಇಳಿದ ಮೇಲೆ ಬರುವ ಹೊಗೆ ಮಾತ್ರ ಬೇರೆಯೇ ಕಥೆ ಹೇಳುತ್ತದೆ: ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚಿ, ಸವೆದ ವಾಲ್ವ್ ಗೈಡುಗಳ (ವಾಲ್ವಿನ ಕಡ್ಡಿ ಓಡಾಡುವ ಕೊಳವೆಗಳ) ಮೂಲಕ ಆಯಿಲ್ ಒಳಗೆ ಎಳೆಯಲ್ಪಡುತ್ತದೆ. ಎಂದರೆ ತಮಗೆ ಎರಡೂ ಕಾಯಿಲೆಗಳಿವೆ.

ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯ ಎಂಜಿನ್, ಬೋರ್ (ಸಿಲಿಂಡರಿನ ವ್ಯಾಸ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9 ಮಿ.ಮೀ., ಒಟ್ಟು 1489 ಸಿಸಿ. ಬ್ಲಾಕ್, ಹೆಡ್ ಎರಡೂ ಬೀಡುಕಬ್ಬಿಣದವು. ರಿಂಗ್ ಸಾಕೇ ಎಂಬುದನ್ನು ನಿರ್ಧರಿಸುವುದು ಮೆಕ್ಯಾನಿಕ್ಕಿನ ಅನುಭವವೂ ಅಲ್ಲ, ನನ್ನ ಅಭಿಪ್ರಾಯವೂ ಅಲ್ಲ. ಸಿಲಿಂಡರಿನ ಒಳವ್ಯಾಸ ಅಳೆಯುವ ಡಯಲ್ ಬೋರ್ ಗೇಜ್ ತೋರಿಸುವ ಅಳತೆ. ಪ್ರತಿ ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರಿಗೆ ಸಿಗುವ ಒಂದು ಅಂಚಿರುತ್ತದೆಯಲ್ಲವೇ, ಅದರ ಕೆಳಗೆ, ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ) ಅಡ್ಡಲಾಗಿ ಅಳೆಯಿರಿ. ಸವೆತ ಅತಿ ಹೆಚ್ಚಾಗಿರುವುದು ಅಲ್ಲಿಯೇ. ಸವೆತ 0.20 ಮಿ.ಮೀ. ದಾಟಿದ ಸಿಲಿಂಡರಿಗೆ ಹೊಸ ರಿಂಗ್ ಹಾಕುವುದು ಹಣ ಮತ್ತು ಶ್ರಮ ಎರಡನ್ನೂ ನೀರಿಗೆ ಹಾಕಿದಂತೆ; ಮೇಲೆ ಅಗಲ, ಕೆಳಗೆ ಕಿರಿದಾದ ಸಿಲಿಂಡರಿನಲ್ಲಿ ಯಾವ ರಿಂಗೂ ಸರಿಯಾಗಿ ಕೂರುವುದಿಲ್ಲ. ಒಂದು ಸಿಲಿಂಡರ್ ಮಾತ್ರ ಕೆಟ್ಟಿದ್ದರೂ ನಾಲ್ಕನ್ನೂ ಒಂದೇ ಸೈಜಿಗೆ ಕೊರೆಸಿ. ಪಿಸ್ಟನ್ನುಗಳನ್ನು ಮೊದಲು ಕೊಂಡು, ಅವುಗಳನ್ನು ಅಂಗಡಿಯವರ ಕೈಗೆ ಕೊಟ್ಟು, ಆಯಾ ಪಿಸ್ಟನ್ನಿಗೆ ತಕ್ಕಂತೆ ಕೊರೆಯಲು ಹೇಳಬೇಕೇ ಹೊರತು ಕೊರೆಸಿದ ಮೇಲೆ ಪಿಸ್ಟನ್ ಹುಡುಕಲು ಹೊರಡಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಲು ಸಿದ್ಧರಿರಿ.

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಗೈಡ್ ಬದಲಾವಣೆ, ವಾಲ್ವ್ ಸೀಟು – ಈ ನಾಲ್ಕು ಅಂಗಡಿಯ ಕೆಲಸಗಳು. ಸೀಟಿನ ಬಗ್ಗೆ ಒಂದು ಮಾತು. ಈ ಹೆಡ್ಡಿನಲ್ಲಿ ಸೀಟನ್ನು ಬೀಡುಕಬ್ಬಿಣದಲ್ಲಿಯೇ ಕಡೆದಿರುತ್ತಾರೆ. ಸೀಸವಿದ್ದ ಪೆಟ್ರೋಲಿನ ಕಾಲಕ್ಕೆ ಅದು ಸರಿಹೋಗುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿರುವುದರಿಂದ ಎಕ್ಸಾಸ್ಟ್ ಸೀಟುಗಳು ಮೆಲ್ಲಗೆ ಒಳಕ್ಕೆ ಸವೆಯುತ್ತವೆ. ಹೆಡ್ ಹೇಗೂ ಅಂಗಡಿಗೆ ಹೋಗುತ್ತಿದೆ. ನಾಲ್ಕು ಎಕ್ಸಾಸ್ಟ್ ವಾಲ್ವುಗಳಿಗೂ ಗಟ್ಟಿ ಲೋಹದ ಸೀಟು ಕೂರಿಸಿಬಿಡಿ.

ಬಿಚ್ಚುವಾಗ ಒಂದು ಎಚ್ಚರಿಕೆ. ಈ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನನ್ನು ಕನೆಕ್ಟಿಂಗ್ ರಾಡಿನ ಸಣ್ಣ ತುದಿಯಲ್ಲಿರುವ ಒಂದು ಬೋಲ್ಟು ಬಿಗಿಹಿಡಿದಿರುತ್ತದೆ. ರಾಡನ್ನು ವೈಸಿಗೆ ಕಚ್ಚಿಸಿ ಆ ಬೋಲ್ಟನ್ನು ತಿರುಗಿಸಿದರೆ ರಾಡು ತಿರುಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಿನ್ನಿನ ಎರಡು ತುದಿಗೂ ಹಿತ್ತಾಳೆಯ ಬಿರಡೆ ಕೊಟ್ಟು, ಪಿನ್ನನ್ನೇ ವೈಸಿನಲ್ಲಿ ಹಿಡಿದು ಸಡಿಲಿಸಿರಿ. ರಾಡು ಮತ್ತು ಅದರ ಕ್ಯಾಪಿನ ಮೇಲೆ ಸಿಲಿಂಡರಿನ ಸಂಖ್ಯೆಯಷ್ಟು ಚುಕ್ಕೆಗಳನ್ನು ಪಂಚಿನಿಂದ ಮೊದಲೇ ಹೊಡೆದಿಟ್ಟುಕೊಳ್ಳಿ.

ಡೀಸೆಲ್ ಬೇಡವೆಂದದ್ದು ಸರಿಯಾದ ನಿರ್ಧಾರ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ಆ ಅರ್ಹತೆ. ಅದೇ ಕಾರಣಕ್ಕೆ, ಉಜ್ಜುವ ಉತ್ಸಾಹದಲ್ಲಿ ಎಂಜಿನ್ ಸಂಖ್ಯೆಯ ಮೇಲೆ ಎಮರಿ ಕಾಗದ ಆಡಿಸಬೇಡಿ.

ಉತ್ತರ – ಹುಬ್ಬಳ್ಳಿಯಿಂದ

ಯಂತ್ರದ ಕೆಲಸವನ್ನು ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ. ನಾನು ತೊಳೆಯುವುದು ಮತ್ತು ಬಣ್ಣದ ಬಗ್ಗೆ ಮಾತ್ರ ಬರೆಯುತ್ತೇನೆ.

ಬರಿಯ ಬ್ಲಾಕನ್ನು ಕಾಸ್ಟಿಕ್ ತೊಟ್ಟಿಯಲ್ಲಿ ಕುದಿಸಿಕೊಡುವ ಅಂಗಡಿಗಳಿವೆ. ಐವತ್ತು ವರ್ಷದ ಜಿಡ್ಡಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ, ಆದರೆ ಪಿಸ್ಟನ್ನಿನಂತಹ ಅಲ್ಯೂಮಿನಿಯಂ ಭಾಗ ಯಾವುದೂ ಆ ತೊಟ್ಟಿಗೆ ಬೀಳಬಾರದು, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಕ್ಯಾಮ್‌ಶಾಫ್ಟಿನ ಬೇರಿಂಗುಗಳೂ ಕೆಡುವುದರಿಂದ ಅವನ್ನು ಹೊಸದು ಹಾಕಲೇಬೇಕಾಗುತ್ತದೆ. ಮರಳು ಊದಿಸುವ ಯೋಚನೆ ಮಾತ್ರ ಬೇಡ. ಆಯಿಲ್ ದಾರಿಯಲ್ಲಿ ಅಡಗಿ ಕೂತ ಒಂದೇ ಒಂದು ಹರಳು ಹೊಸ ಬೇರಿಂಗನ್ನು ಮೊದಲ ದಿನವೇ ಗೀರಬಲ್ಲದು. ಆಯಿಲ್ ದಾರಿಯ ಪ್ಲಗ್ಗುಗಳನ್ನು ತೆಗೆದು ಉದ್ದ ಬ್ರಷ್ಷಿನಿಂದ ಉಜ್ಜಿ. ಬೋರಿಂಗ್ ಆಗಿ ಬಂದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಡುವವರೇ ಹೆಚ್ಚು, ಅದು ಸಾಲದು. ಬಿಸಿನೀರು, ಬಟ್ಟೆ ಸೋಪು, ಬ್ರಷ್ಷು – ಸಿಲಿಂಡರಿನೊಳಗೆ ಒರೆಸಿದ ಬಿಳಿ ಪಂಚೆಯ ತುಂಡು ಬೂದು ಬಣ್ಣ ಹಿಡಿಯದೆ ಹೊರಬರುವವರೆಗೆ ತೊಳೆಯಬೇಕು, ಒರೆಸಿದ ಕೂಡಲೆ ಆಯಿಲ್ ಸವರಬೇಕು.

ಬಣ್ಣವನ್ನು ಬರಿಯ ಬ್ಲಾಕಿಗೇ ಹಚ್ಚಿ, ಆಮೇಲೆ ಜೋಡಿಸಿ ಎನ್ನುವುದು ನನ್ನ ಸಲಹೆ. ಪ್ಯಾಕಿಂಗ್ ಕೂರುವ ಮುಖಗಳಿಗೂ ಬೋಲ್ಟಿನ ತೂತುಗಳಿಗೂ ಟೇಪು ಹಚ್ಚಿ, ಥಿನ್ನರಿನಲ್ಲಿ ಒರೆಸಿ, ತೆಳುವಾದ ಒಂದು ಕೈ ಪ್ರೈಮರ್, ತೆಳುವಾದ ಎರಡು ಕೈ ಎನಾಮಲ್ ಸಾಕು. ದಪ್ಪ ಬಳಿದಷ್ಟೂ ಬೇಗ ಸಿಪ್ಪೆ ಏಳುತ್ತದೆ. ಬ್ಲಾಕಿನ ಹೊರಮೈ ಸುಮಾರು ನೀರು ಕುದಿಯುವಷ್ಟು ಬಿಸಿಯಾಗುತ್ತದೆ ಅಷ್ಟೆ, ಆ ಶಾಖವನ್ನು ಒಳ್ಳೆಯ ಎನಾಮಲ್ ತಾಳುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಮಾತ್ರ ಶಾಖ ತಡೆಯುವ ಸಿಲಿಕೋನ್ ಬಣ್ಣವೇ ಬೇಕು. ಅದರಲ್ಲಿಯೂ ಎರಡು ಮತ್ತು ಮೂರನೆಯ ಸಿಲಿಂಡರುಗಳು ನಡುವಿನ ಒಂದೇ ಎಕ್ಸಾಸ್ಟ್ ಬಾಯಿಯನ್ನು ಹಂಚಿಕೊಳ್ಳುವುದರಿಂದ, ಯಾವ ಬಣ್ಣ ಹಚ್ಚಿದರೂ ಮೊದಲು ಸುಡುವುದು ಆ ಜಾಗ. ಸ್ಪ್ರೇ ಇಲ್ಲದಿದ್ದರೆ ಕೊರಗಬೇಡಿ, ಮೆತ್ತನೆಯ ಬ್ರಷ್ಷು ಬೀಡುಕಬ್ಬಿಣದ ಒರಟು ಮೈಗೆ ಚೆನ್ನಾಗಿಯೇ ಒಪ್ಪುತ್ತದೆ. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯ ಶೆಡ್ಡಿನಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ; ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಉತ್ತರ – ಉಡುಪಿಯಿಂದ

ಹುಬ್ಬಳ್ಳಿಯ ಮಿತ್ರರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಹುಬ್ಬಳ್ಳಿಯ ಒಣ ಹವೆಗೆ ಅವರ ಕ್ರಮ ಸರಿ. ಕರಾವಳಿ, ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಬ್ಲಾಕನ್ನು ತೊಳೆದಿಟ್ಟು ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಆ ತುಕ್ಕಿನ ಮೇಲೆ ಹಚ್ಚಿದ ಪ್ರೈಮರ್ ನಿಲ್ಲುವುದಿಲ್ಲ. ಅಲ್ಲದೆ, ಬಣ್ಣ ಹಚ್ಚಿದ ಬ್ಲಾಕನ್ನು ಜೋಡಿಸುವಾಗ ಸ್ಪ್ಯಾನರ್ ತಾಗದೆ ಇರುವುದುಂಟೇ? ನಾನು ಹೆಡ್, ಟೈಮಿಂಗ್ ಕವರ್, ಚೇಂಬರ್ ಎಲ್ಲವನ್ನೂ ಜೋಡಿಸಿ, ತೆರೆದ ಬಾಯಿಗಳನ್ನೆಲ್ಲ ಮುಚ್ಚಿ, ಆ ಮೇಲೆ ಒಟ್ಟಿಗೆ ಬಣ್ಣ ಹಚ್ಚಿದೆ. ಪ್ಯಾಕಿಂಗಿನ ಅಂಚಿಗೂ ಬಣ್ಣ ತಾಗುತ್ತದೆ ಎಂಬುದು ನಿಜ, ನನಗೆ ಅದು ದೋಷವಾಗಿ ಕಾಣಲಿಲ್ಲ.

ಜೋಡಿಸುವಾಗ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಈ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗುಗಳು. ನಡುವಿನದರ ಎರಡೂ ಪಕ್ಕದಲ್ಲಿ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳು ಕೂರುತ್ತವೆ. ಅವುಗಳ ಒಂದು ಮುಖದಲ್ಲಿ ಆಯಿಲಿನ ಗೀರುಗಳಿದ್ದು, ಆ ಮುಖ ಕ್ರ್ಯಾಂಕಿನ ಕಡೆಗಿರಬೇಕು. ರಾತ್ರಿ ಹತ್ತು ಗಂಟೆಗೆ, ಮುಗಿಸಿಯೇ ಮಲಗುವ ಹಟದಲ್ಲಿ, ನಾನು ಒಂದನ್ನು ತಿರುವುಮುರುವಾಗಿ ಕೂರಿಸಿದೆ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳಲ್ಪಡುತ್ತದೆ. ವಾಷರಿನ ಉಕ್ಕಿನ ಬೆನ್ನು ಕ್ರ್ಯಾಂಕಿನ ಮುಖವನ್ನು ಉಜ್ಜಿ ಉಜ್ಜಿ, ಎರಡೇ ತಿಂಗಳಲ್ಲಿ ಕಾರು ನಿಂತಲ್ಲಿ ಕ್ಲಚ್ ಒತ್ತಿದರೆ ಎಂಜಿನ್ನಿನ ಸದ್ದೇ ಕುಗ್ಗುವಂತಾಯಿತು. ಮತ್ತೆ ಇಳಿಸಿ, ಮತ್ತೆ ಬಿಚ್ಚಿ, ಆ ಮಳೆಗಾಲವೆಲ್ಲ ಅದಕ್ಕೇ ಹೋಯಿತು. ತಾವು ವಾಷರ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಹಿಂದೆ ಮುಂದೆ ತಳ್ಳಿ ಫೀಲರ್ ಗೇಜಿನಲ್ಲಿ ನೋಡಿ, 0.05ರಿಂದ 0.075 ಮಿ.ಮೀ. ಆಟ ಇರಬೇಕು.

ಬಿಗಿಯುವ ಲೆಕ್ಕ ನನ್ನ ಪುಸ್ತಕದಲ್ಲಿ ಹೀಗಿದೆ: ಮೇನ್ ಕ್ಯಾಪುಗಳಿಗೆ 70 ಪೌಂಡ್ ಅಡಿ, ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ದೊಡ್ಡ ತುದಿಗೆ) 35, ಹೆಡ್ಡಿನ ನಟ್ಟುಗಳಿಗೆ 40. ಹೆಡ್ಡನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಟ್ಯಾಪೆಟ್ಟಿಗೆ, ಎಂದರೆ ವಾಲ್ವಿನ ಸಂದು ಹೊಂದಿಸಲು, ಒಂಬತ್ತರ ಲೆಕ್ಕ ನೆನಪಿಟ್ಟುಕೊಂಡರೆ ಪುಸ್ತಕವೇ ಬೇಡ. ಎಂಟನೆಯ ವಾಲ್ವು ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಬೇಕು, ಆರನೆಯದು ತೆರೆದಿರುವಾಗ ಮೂರನೆಯದನ್ನು. ಎರಡರ ಮೊತ್ತ ಯಾವಾಗಲೂ ಒಂಬತ್ತು. ಸಂದು 0.38 ಮಿ.ಮೀ.

ಪ್ರಶ್ನೆ ಕೇಳಿದವರಿಂದ – ಹತ್ತು ವಾರಗಳ ನಂತರ

ಮೂವರಿಗೂ ಕೃತಜ್ಞತೆಗಳು. ಅಳತೆ ಮಾಡಿಸಿದಾಗ ಮೂರನೆಯ ಸಿಲಿಂಡರ್ 73.29 ಮಿ.ಮೀ. ತೋರಿಸಿತು, ಎಂದರೆ 0.26 ಸವೆದಿತ್ತು, ಉಳಿದವು 0.18ರ ಆಸುಪಾಸಿನಲ್ಲಿದ್ದವು. ಹತ್ತರ (ಅಂಗುಲದ ಸಾವಿರದ ಹತ್ತು ಭಾಗ, ಸುಮಾರು 0.25 ಮಿ.ಮೀ.) ಓವರ್‌ಸೈಜಿನಲ್ಲಿ ಆ ಸವೆತ ಪೂರ್ತಿ ಹೋಗದೆಂದು ಅಂಗಡಿಯವರು ಹೇಳಿದ್ದರಿಂದ ಇಪ್ಪತ್ತರ ಪಿಸ್ಟನ್ ಕೊಂಡು ನಾಲ್ಕನ್ನೂ ಕೊರೆಸಿದೆ. ಕ್ರ್ಯಾಂಕಿನ ಬಿಗ್ ಎಂಡ್ ಜರ್ನಲುಗಳು ಅಂಡಾಕಾರಕ್ಕೆ ತಿರುಗಿದ್ದರಿಂದ ಅವನ್ನು ಹತ್ತು ಕಡಿಮೆ ಸೈಜಿಗೆ ಗ್ರೈಂಡ್ ಮಾಡಿಸಬೇಕಾಯಿತು. ಹಳೆಯ ಗೈಡಿನಲ್ಲಿ ವಾಲ್ವನ್ನು ಇಟ್ಟು ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು.

ಬಣ್ಣದ ವಿಷಯದಲ್ಲಿ ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದೆ. ಮಳೆ ಬಿಡುವು ಕೊಟ್ಟ ಎರಡು ದಿನ ನೋಡಿ, ಅಡಿಕೆ ಒಣಗಿಸುವ ಗೂಡಿನ ಬೆಚ್ಚನೆಯ ಕೋಣೆಯಲ್ಲಿ ಬ್ಲಾಕನ್ನು ಒಣಗಿಸಿ, ಬರಿಯ ಮೈಗೆ ಪ್ರೈಮರ್ ಮಾತ್ರ ಹಚ್ಚಿದೆ. ಬಣ್ಣ ಹಚ್ಚಿದ್ದು ಜೋಡಿಸಿದ ಮೇಲೆ. ಒಲೆಯ ಬೆಂಕಿಯಿದ್ದಾಗ ಥಿನ್ನರ್ ಡಬ್ಬಿಯನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ. ಹಳೆಯ ಹಸಿರಿನ ಚೂರನ್ನು ಬ್ಲೇಡಿನಿಂದ ಎಬ್ಬಿಸಿ ಬಣ್ಣದ ಅಂಗಡಿಗೆ ಒಯ್ದು ತೋರಿಸಿದೆ. ಅವರು ಮೂರು ಸಲ ಬೆರೆಸಿದ ಮೇಲೆ ಹೊಂದಿತು.

ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದಲೇ ತಿರುಗಿಸಿ, ನಂತರ ಪ್ಲಗ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಲು ನೋಡಿದೆ. ಮೂರನೆಯ ಯತ್ನಕ್ಕೆ ಹತ್ತಿತು. ಇನ್ನೂರು ಕಿಲೋಮೀಟರ್ ಓಡಿದೆ, ಹೊಗೆಯಿಲ್ಲ. ಒಂದೇ ಚಿಂತೆ: ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿಂದ ರಾತ್ರಿಗೆ ಎರಡು ಮೂರು ಹನಿ ಆಯಿಲ್ ನೆಲಕ್ಕೆ ಬೀಳುತ್ತಿದೆ. ಹಿಂದಿನ ಆಯಿಲ್ ಸೀಲನ್ನು ನಾನು ಹಾಕಲು ಮರೆತೆನೇ?

ಉತ್ತರ – ಮೈಸೂರಿನಿಂದ

ತಾವು ಏನನ್ನೂ ಮರೆತಿಲ್ಲ, ಈ ಎಂಜಿನ್ನಿಗೆ ಅಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಹಿಂತುದಿಯಲ್ಲಿ ಸ್ಕ್ರೂವಿನಂತಹ ಒಂದು ಸುರುಳಿ ಕಡೆದಿರುತ್ತಾರೆ; ತಿರುಗುವಾಗ ಅದು ಆಯಿಲನ್ನು ಮರಳಿ ಒಳಕ್ಕೆ ತಳ್ಳುತ್ತದೆ, ನಿಂತಾಗ ತಳ್ಳುವವರಿಲ್ಲ. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಸಮತಟ್ಟಾದ ಜಾಗಕ್ಕೆ ತಂದು ನೋಡಿ, ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಒಳಗೆ ಒತ್ತಡ ನಿಂತರೆ ಆ ಸುರುಳಿ ಸೋಲುತ್ತದೆ. ರಿಂಗುಗಳು ಇನ್ನೂ ಪಳಗಬೇಕಿರುವುದರಿಂದ ಮೊದಲ ಎಂಟು ನೂರು ಕಿಲೋಮೀಟರ್ ಗಂಟೆಗೆ ಎಪ್ಪತ್ತು ದಾಟದೆ ಓಡಿಸಿ, ನಡುವೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ಟ್ಯಾಪೆಟ್ ನೋಡಿ, ಆಯಿಲ್ ಬದಲಿಸಿ. ಆ ನಂತರವೂ ದಿನಕ್ಕೆ ಎರಡು ಹನಿಯಷ್ಟೇ ಬೀಳುತ್ತಿದ್ದರೆ ಶೆಡ್ಡಿನಲ್ಲಿ ಕೆಳಗೊಂದು ಹಳೆಯ ತಟ್ಟೆ ಇಟ್ಟುಬಿಡಿ. ನನ್ನ ಕಾರಿನ ಕೆಳಗೆ ಇಪ್ಪತ್ತು ವರ್ಷದಿಂದ ಒಂದು ಇದೆ.