ಬೀದರ್‌ನಲ್ಲಿ ಕೋಟೆ ಬಿಟ್ಟರೆ ನಡೆಯೋಕೆ ಎಲ್ಲಿ ಹೋಗಬಹುದು?

ಹೊಸ_ಬಾಡಿಗೆದಾರ:
ಬೀದರ್‌ಗೆ ಬಂದು ನಾಲ್ಕು ತಿಂಗಳಾಯಿತು. ಭಾನುವಾರ ಮುಂಜಾನೆ ನಾನು, ಎಂಟು ವರ್ಷದ ಮಗಳು ನಡೆಯೋಕೆ ಹೋಗುತ್ತೇವೆ. ಕೋಟೆ ಮೂರು ಸಲ ಆಯಿತು, ಗವಾನ್ ಮದರಸಾನೂ ಆಯಿತು. ಪಾರ್ಕಿನಲ್ಲಿ ಸುತ್ತು ಹೊಡೆಯೋದು ಅವಳಿಗೆ ಬೇಜಾರು. ಮಣ್ಣಿನ ದಾರಿ ಇರಬೇಕು, ಜನ ಕಡಿಮೆ ಇರಬೇಕು. ಊರಿನವರು ಹೇಳ್ತೀರಾ?

ಚೌಬಾರಾ_ಓಣಿ:
ನಾನು ಇಲ್ಲೇ ಹುಟ್ಟಿ ಬೆಳೆದವನು. ಜಾಗದ ಹೆಸರಿಗಿಂತ ಮೊದಲು ಒಂದು ಗುರುತು ಹೇಳುತ್ತೇನೆ. ನಮ್ಮ ಊರು ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ದೋಸೆಯ ಹಾಗೆ ಮೈಯೆಲ್ಲ ತೂತು. ಮಳೆ ನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಕರಿಕಲ್ಲು ಅಡ್ಡ ಬಂದಾಗ ಪಕ್ಕಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಹೊರಗೆ ಜಿನುಗುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲ ಆ ನೀರೇ. ಹಾಗಾಗಿ ದಿಬ್ಬದ ಅಂಚು ಹಿಡಿದು ನಡೆಯಿರಿ.

ಮೊದಲು ಪಾಪನಾಶಕ್ಕೆ ಹೋಗಿ. ದೇವಸ್ಥಾನ ತಗ್ಗಿನಲ್ಲಿದೆ. ಗಾಡಿ ಮೇಲೇ ಬಿಟ್ಟು ಇಳಿಯಿರಿ. ದಾರಿಯಲ್ಲಿ ಬಾಟಲಿಯಿಂದ ಒಂದು ಗುಟುಕು ನೀರು ಕೆಂಪು ಕಲ್ಲಿನ ಮೇಲೆ ಸುರಿಯೋಕೆ ಮಗಳಿಗೆ ಹೇಳಿ. ಸುಮ್ನೆ ನೋಡಿ, ನೀರು ಎಲ್ಲಿ ಹೋಯಿತು ಅಂತ ಅವಳೇ ಕೇಳುತ್ತಾಳೆ. ಝರಣಿ ಅವಳಿಗೆ ಈಗ ಬೇಡ. ಗುಹೆಯಲ್ಲಿ ದೊಡ್ಡವರಿಗೇ ಸೊಂಟದ ಮೇಲೆ ನೀರು, ತಲೆ ಮೇಲೆ ಬಾವಲಿ.

ಆಮೇಲೆ ನೌಬಾದ್‌ನ ಸುರಂಗ ಬಾವಿ. ಕರೇಜ್ ಅಂತಾರಲ್ಲ, ಅದೇ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಪರ್ಷಿಯಾದ ರೀತಿಯಲ್ಲಿ ನೆಲದಡಿ ಕಾಲುವೆ ಕೊರೆದರು. ಪಂಪ್ ಇಲ್ಲ, ರಾಟೆ ಇಲ್ಲ, ಇಳಿಜಾರಿನಲ್ಲೇ ನೀರು ಹರಿಯಬೇಕು. ಮೇಲೆ ಅಲ್ಲಲ್ಲಿ ಗಾಳಿಬಾವಿಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆದರೆ ಅಡಿಯಲ್ಲಿರುವ ಕಾಲುವೆಯ ಜೊತೆಗೇ ನಡೆದ ಹಾಗೆ. ನನಗೆ ಇಡೀ ಬೀದರ್‌ನಲ್ಲಿ ಇದಕ್ಕಿಂತ ಇಷ್ಟವಾದ ದಾರಿ ಇಲ್ಲ. ಬಾವಿ ಬಾಯಿ ಹತ್ತಿರ ಮಗುವಿನ ಕೈ ಬಿಡಬೇಡಿ. ಆಳ ಗೊತ್ತಾಗಲಿ ಅಂತ ಕಲ್ಲು ಹಾಕೋದೂ ಬೇಡ. ಒಂದು ಸಲ ಹೊಟ್ಟೆ ಮೇಲೆ ಮಲಗಿ ಬಗ್ಗಿ ನೋಡಿದೆ. ಕೆಳಗೆ ಚಿಪ್ಸ್ ಪ್ಯಾಕೆಟ್, ಪೂಜೆ ಹೂವು ತುಂಬಿದ ಕವರ್. ಅವತ್ತಿಡೀ ಊಟ ಸೇರಲಿಲ್ಲ.

ಸೈಕಲ್_ಸವಾರಿ:
ಬಹಮನಿ ಸುಲ್ತಾನರ ಗೋರಿಗಳಿರೋ ಅಷ್ಟೂರಿನ ದಾರಿ ಮರೆತಿರಲ್ಲ! ಊರಿಂದ ಮೂರ್ನಾಲ್ಕು ಕಿಲೋಮೀಟರ್. ನಡುವೆ ದಾರಿ ಪಕ್ಕದಲ್ಲಿ ಚೌಖಂಡಿ ಅನ್ನೋ ಎಂಟು ಮೂಲೆಯ ಗೋರಿ ಕಟ್ಟಡ ಸಿಗುತ್ತದೆ, ಅಲ್ಲಿ ಕೂತು ದಣಿವಾರಿಸಿಕೊಳ್ಳಿ. ಸಿಡಿಲು ಬಡಿದು ಅರ್ಧ ಬಿದ್ದಿರೋದು ಹುಮಾಯೂನ್ ಶಾಹನ ಗುಮ್ಮಟ. ಒಡೆದ ಹೊಟ್ಟೆಯಲ್ಲಿ ಗೋಡೆ ಎಷ್ಟು ದಪ್ಪ ಅಂತ ಕಾಣುತ್ತದೆ. 1436ರಲ್ಲಿ ತೀರಿದ ಅಹ್ಮದ್ ಶಾಹನ ಗುಮ್ಮಟದ ಒಳಗೆ ಬಣ್ಣದ ಚಿತ್ತಾರ ಇನ್ನೂ ಇದೆ, ಟಾರ್ಚ್ ಒಯ್ಯಿರಿ. ಕುಸುಬೆ ಹೊಲದ ಬದುವಿನಲ್ಲಿ ಮುಳ್ಳು, ಚಪ್ಪಲಿ ಸಾಲದು, ಬೂಟು ಹಾಕಿ ನಡೆಯಿರಿ. ಬೇಸಿಗೆಯಲ್ಲಿ ಎಂಟರೊಳಗೆ ವಾಪಸ್ ಬನ್ನಿ.

ಹೊಸ_ಬಾಡಿಗೆದಾರ:
ಇವತ್ತು ಪಾಪನಾಶಕ್ಕೆ ಹೋಗಿದ್ದೆವು. ಒಂದು ಗುಟುಕು ಅಂದಿದ್ದಿರಿ, ಅವಳು ಇಡೀ ಬಾಟಲಿ ಖಾಲಿ ಮಾಡಿದಳು! ಒಂದು ಕಲ್ಲಿನ ಚೂರು ಮನೆಗೂ ಬಂದಿದೆ, ಅಡುಗೆಮನೆ ನಲ್ಲಿ ಕೆಳಗೆ ಇಟ್ಟಿದ್ದಾಳೆ. ಮುಂದಿನ ವಾರ ಸುರಂಗ ಬಾವಿ. ಮೊದಲ ಸಲ ನಾವಿಬ್ಬರೇ ಹೋಗೋಕೆ ಅಳುಕು. ಜೊತೆ ಬರ್ತೀರಾ?

ಚೌಬಾರಾ_ಓಣಿ:
ಬರ್ತೀನಿ. ಭಾನುವಾರ ಬೆಳಿಗ್ಗೆ ಆರೂವರೆ, ನೌಬಾದ್ ಬಸ್ ಸ್ಟಾಪ್. ಒಂದು ಗೋಣಿಚೀಲ ತರ್ತೀನಿ, ಬಾವಿ ಸುತ್ತ ಬಿದ್ದಿರೋ ಕವರ್ ಆರಿಸಿಕೊಂಡೇ ನಡೆಯೋಣ.