ಬ್ರೌನ್ ಡ್ವಾರ್ಫ್‌ಗೆ ಕನ್ನಡದಲ್ಲಿ ಏನು? (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ಖಗೋಳ ಪ್ರದರ್ಶನದ ಬೋರ್ಡೊಂದನ್ನ ಅನುವಾದ ಮಾಡ್ತಿದೀನಿ, ಇವತ್ತು ರಾತ್ರಿ ಪ್ರಿಂಟಿಗೆ ಹೋಗ್ಬೇಕು. ವೈಸ್ 0855 ಅನ್ನೋ ಬ್ರೌನ್ ಡ್ವಾರ್ಫ್ (ನಕ್ಷತ್ರ ಆಗೋಷ್ಟು ದ್ರವ್ಯರಾಶಿ ಇಲ್ಲದ ಕಾಯ) ಬಗ್ಗೆ, ಇರೋದು ಬರೀ 7.4 ಜ್ಯೋತಿರ್ವರ್ಷ ದೂರದಲ್ಲಿ, ಆದ್ರೂ 2014ರಲ್ಲಿ ಖಗೋಳವಿಜ್ಞಾನಿ ಕೆವಿನ್ ಲೂಮನ್ ಹೇಳೋವರೆಗೂ ಯಾರಿಗೂ ಗೊತ್ತಿರ್ಲಿಲ್ಲ, ಯಾಕಂದ್ರೆ ಅಷ್ಟು ತಣ್ಣಗಿದೆ, ಮಾಮೂಲಿ ಬೆಳಕಲ್ಲಿ ಹೆಚ್ಚುಕಮ್ಮಿ ಕಾಣೋದೇ ಇಲ್ಲ. "ಕಂದು ಕುಬ್ಜ" ಅಂತ ಹಾಕಿದೀನಿ, ಆದ್ರೆ ಅದು ಕಂದು ಬಣ್ಣದ್ದಲ್ವಲ್ಲ, ಓದಿದೋರು ತಪ್ಪು ತಿಳ್ಕೊಂಡ್ರೆ? ಬೇರೆ ಪದ ಇದ್ರೆ ಬೇಗ ಹೇಳಿ.

----

ಅರಿಸಮಾಸ, ಕಂದು ಕನ್ನಡ, ಕುಬ್ಜ ಸಂಸ್ಕೃತ, ಎರಡನ್ನ ಬೆರೆಸೋದು ದೋಷ. ತೆಗೀರಿ. ಅದೂ ಅಲ್ದೆ ಕುಬ್ಜ ಅಂದ್ರೆ ಸಂಸ್ಕೃತದಲ್ಲಿ ಗೂನುಬೆನ್ನಿನವನು, ನಕ್ಷತ್ರಕ್ಕೆ ಗೂನು ಎಲ್ಲಿಂದ ಬಂತು? "ಕಂದುಗುಳ್ಳ" ಅನ್ನಿ, ಸಂಧಿಯೂ ಸರಿಯಾಗಿದೆ, ಮುಗೀತು.

----

> ಕಂದುಗುಳ್ಳ

ಗುಳ್ಳೆ ಎದ್ದಂಗೆ ಕೇಳುತ್ತೆ ಸಾರ್, ಬೇಡ.

ಬಣ್ಣ ಅಂತ ಯಾಕೆ ಹೆದರ್ತೀರಿ ಮೇಡಂ, ಕಂದು ಕ್ರಿಯಾಪದವೂ ಹೌದಲ್ಲ. ಮುಖ ಕಂದಿತು, ಬಿಸಿಲಿಗೆ ಹೂವು ಕಂದಿತು ಅಂತೀವಿ. ಈ ಕಾಯಕ್ಕೆ ಆಗೋದೂ ಅದೇ, ಹುಟ್ಟುವಾಗ ಕಾವು ಇರುತ್ತೆ, ಆದ್ರೆ ಹೈಡ್ರೋಜನ್ ಉರಿಸ್ತಾ ಇರೋಕೆ ಗುರುಗ್ರಹದ ಸುಮಾರು 75-80 ಪಟ್ಟು ದ್ರವ್ಯರಾಶಿ ಬೇಕು, ಅಷ್ಟಿಲ್ಲ, ಹಾಗಾಗಿ ಕೋಟ್ಯಂತರ ವರ್ಷ ಕಂದುತ್ತಾ ಕಂದುತ್ತಾ ಹೋಗುತ್ತೆ. ಇಂಗ್ಲಿಷ್ ಹೆಸರೂ ಬಣ್ಣ ನೋಡಿ ಇಟ್ಟಿದ್ದಲ್ಲ. ಖಗೋಳವಿಜ್ಞಾನಿ ಶಿವ್ ಕುಮಾರ್ 60ರ ದಶಕದಲ್ಲಿ ಬ್ಲ್ಯಾಕ್ ಡ್ವಾರ್ಫ್ ಅಂದಿದ್ರು, 1975ರಲ್ಲಿ ಇನ್ನೊಬ್ಬ ಖಗೋಳವಿಜ್ಞಾನಿ ಜಿಲ್ ಟಾರ್ಟರ್ ಬ್ರೌನ್ ಅಂದ್ರು, ಒಂದಾದ್ರೂ ಖಚಿತವಾಗಿ ಸಿಕ್ಕಿದ್ದು 1995ರಲ್ಲಿ. ಅವರದ್ದು ಕೆಲಸ ನಡೆಸೋ ಹೆಸರು, ನಮ್ಮದೇ ಹೆಚ್ಚು ಒಪ್ಪುತ್ತೆ. ಅರಿ ಅಂತ ಚುಚ್ಚೋರಿಗೆ "ಕಂದಿದ ಕುಬ್ಜ" ಅನ್ನಿ, ಗಮಕ ಸಮಾಸ ಆಯ್ತು, ಅದರಲ್ಲಿ ಕನ್ನಡ-ಸಂಸ್ಕೃತ ಬೆರೆತರೂ ದೋಷ ಇಲ್ಲ.

----

ಬಸ್ಸು ಪೆನ್ನು ಎಲ್ಲಾ ನಮ್ದಾಗ್ಲಿಲ್ವಾ, ಬ್ರೌನ್ ಡ್ವಾರ್ಫ್ ಅಂತಲೇ ಬರೀರಿ. ಈ ವೈಸ್ 0855ರ ದ್ರವ್ಯರಾಶಿ ಗುರುವಿನ 3ರಿಂದ 10 ಪಟ್ಟು ಅಂತ ಅಂದಾಜು, ಡ್ಯೂಟೀರಿಯಂ (ಭಾರ ಹೈಡ್ರೋಜನ್) ಉರಿಸೋಕೇ ಸುಮಾರು 13 ಪಟ್ಟು ಬೇಕು, ಅಂದ್ಮೇಲೆ ಇದು ಡ್ವಾರ್ಫೋ ಒಂಟಿ ಗ್ರಹವೋ ಅನ್ನೋದೇ ಪ್ರಶ್ನೆ. ನೀವು ಸಮಾಸ ಬಿಡಿಸ್ತಾ ಕೂತಿದೀರಿ.

----

ಬಸ್ಸು ಉಕಾರ ತಗೊಂಡು ಕನ್ನಡ ಆಯ್ತು. "ಡ್ವಾರ್ಫುಗಳಿಂದ" ಅಂತ ಐದು ಸಲ ಜೋರಾಗಿ ಹೇಳಿ, ಆಮೇಲೆ ಮಾತಾಡೋಣ. ಎರವಲು ಬೇಡ ಅಂತಲ್ಲ, ಸೋಮಾರಿತನ ಬೇಡ.

----

ಎರಡೇ ಗಂಟೆ ಇದೆ, ದಯವಿಟ್ಟು ಜಗಳ ಆಮೇಲೆ. "ಕಂದು ಕುಬ್ಜ"ನೇ ಇರ್ಲಿ, ಕೆಳಗೆ "ಕಂದು ಎಂದರೆ ಇಲ್ಲಿ ಬಣ್ಣವಲ್ಲ, ಕಾಂತಿಗುಂದಿದ್ದು" ಅಂತ ಒಂದು ಸಾಲು ಸೇರಿಸ್ತೀನಿ, ಕ್ರಿಯಾಪದ ನೆನಪಿಸಿದೋರಿಗೆ ಥ್ಯಾಂಕ್ಸ್. ಇನ್ನೊಂದೇ ಪದ. ವೈಸ್, ಸ್ಪಿಟ್ಜರ್ ದೂರದರ್ಶಕಗಳ ಇನ್ಫ್ರಾರೆಡ್ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) ಚಿತ್ರಗಳಲ್ಲಿ ಉಳಿದ ಚುಕ್ಕಿಗಳೆಲ್ಲ ಇದ್ದಲ್ಲೇ ಇದ್ರೆ ಇದೊಂದು ವರ್ಷಕ್ಕೆ ಸುಮಾರು 8 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್) ಜರುಗ್ತಿತ್ತು, ಹಾಗೇ ಸಿಕ್ಕಿಬಿತ್ತು. ಈಗ ವೆಬ್ ದೂರದರ್ಶಕ ಅದೇ ಬೆಳಕನ್ನ ಬಿಡಿಸಿ ನೀರಾವಿ, ಮೀಥೇನ್ ಗುರುತು ಹಿಡಿದಿದೆ. ಈ ಇನ್ಫ್ರಾರೆಡ್‌ಗೆ ಅವಗೆಂಪಾ, ಅತಿಗೆಂಪಾ? ಅತಿಗೆಂಪು ಅಂದ್ರೆ ತುಂಬಾ ಕೆಂಪು ಅಂತ ಆಗ್ಬಿಡುತ್ತೆ ಅನ್ಸುತ್ತೆ.

----

"ಅವ" ಸಂಸ್ಕೃತ, "ಕೆಂಪು" ಕನ್ನಡ. ಮತ್ತೆ ಅದೇ. ತೆಗೀರಿ.