ಚಿರೆಕಲ್ಲು ಟ್ಯಾಂಕಿಯಲ್ಲಿ ಬಿಟ್ಟ ಹಳ್ಳದ ಮೀನು ಎರಡನೇ ಸಲವೂ ಸತ್ತವು, ಎಂತ ಮಾಡೋದು?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ತೋಟಕ್ಕೆ ಇಳಿಯೋ ದಾರಿ ಪಕ್ಕ, ಉಳಿದ ಚಿರೆಕಲ್ಲಲ್ಲಿ ಒಂದು ಟ್ಯಾಂಕಿ ಕಟ್ಟಿಸಿದ್ದೆ. 8 ಅಡಿ ಉದ್ದ, 4 ಅಡಿ ಅಗಲ, ನೀರು 2 ಅಡಿ ನಿಲ್ತದೆ, ಒಳಗೆ ಸಿಮೆಂಟ್ ಗಿಲಾಯಿ. ಅಂಗಡಿ ಮೀನು ಬೇಡ, ನಮ್ಮ ಹಳ್ಳದ ಮೀನನ್ನೇ ಮಗಳಿಗೆ ಹತ್ತಿರದಿಂದ ತೋರಿಸ್ಬೇಕು ಅಂತ ಆಸೆ.

ಮೊದಲ ಸಲ ಗಿಲಾಯಿ ಆಗಿ ವಾರಕ್ಕೇ ಮೀನು ಬಿಟ್ಟು ಬೆಳಗಾಗೋದ್ರೊಳಗೆ ಎಲ್ಲ ತೇಲಿದವು, ಅದು ಹೊಸ ಸಿಮೆಂಟಿನ ಸುಣ್ಣದ ಕೆಲಸ ಅಂತ ಆಮೇಲೆ ಗೊತ್ತಾಯ್ತು. ಒಂದೂವರೆ ತಿಂಗಳು ನೀರು ತುಂಬಿಸೋದು ಖಾಲಿ ಮಾಡೋದು, ಬಾಳೆದಿಂಡು ಕೊಚ್ಚಿ ಹಾಕಿ ಕೊಳೆಸೋದು ಎಲ್ಲ ಮಾಡಿ, ಏಪ್ರಿಲ್‌ನಲ್ಲಿ ಮತ್ತೆ ಹತ್ತು ಬಿಟ್ಟೆ. ಆರು ತಲೆ ಮೇಲೆ ಹೊಳೆಯೋ ಚುಕ್ಕಿ ಇರೋವು, ನಾಲ್ಕು ಬಾಲದ ಬುಡಕ್ಕೆ ಕಪ್ಪು ಮಚ್ಚೆ ಇರೋವು. ಮೂರು ತಿಂಗಳು ಎಷ್ಟು ಚಂದ ಇದ್ವು ಅಂದ್ರೆ, ಮೊದಮೊದಲು ನೆರಳು ಬಿದ್ರೆ ಓಡ್ತಿದ್ದವು ಆಮೇಲೆ ಮಗಳು ಎರೆಹುಳ ಹಿಡ್ಕೊಂಡು ನಿಂತ್ರೆ ಬೆರಳಿನ ಹತ್ರಕ್ಕೇ ಬರ್ತಿದ್ವು. ಹೋದ ವಾರ ಎರಡೇ ದಿನದಲ್ಲಿ ಎಲ್ಲ ಹೋದವು. ನೀರು ತಿಳಿಯಾಗೇ ಇದೆ, ವಾಸನೆ ಇಲ್ಲ. ಗೋಡೆಗೆ ಅಂಟ್ಕೊಂಡಿದ್ದ ಬಸವನಹುಳಗಳೂ ಬಿದ್ದು ಸತ್ತಿವೆ. ಮಳೆ ನೀರು ಜಾಸ್ತಿ ಆಗಿ ಹೀಗಾಯ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ, ಮಗಳು ಆ ಕಡೆ ಹೋಗೋದೇ ಬಿಟ್ಟಿದ್ದಾಳೆ.

ಗಜನಿಗದ್ದೆ (ಕುಮಟಾ)

ಓದಿ ಬೇಜಾರಾಯ್ತು. ಮಳೆ ನೀರಿಂದಲೂ ಆಗ್ತದೆ, ಬರೀ ಮಳೆ ನೀರಲ್ಲಿ ಹುಳಿ ತಡೆಯೋ ಶಕ್ತಿ ಇರೋದಿಲ್ಲ, ಪಿಎಚ್ ದಿಢೀರ್ ಇಳೀತದೆ. ನಾನು ಬೆಳಚಿನ, ಅಂದ್ರೆ ತಿನ್ನೋ ಚಿಪ್ಪಿಮೀನಿನ, ಚಿಪ್ಪು ತೊಳೆದು ಬಲೆ ಚೀಲಕ್ಕೆ ತುಂಬಿ ಟ್ಯಾಂಕಿಲಿ ಇಳಿಬಿಟ್ಟಿದ್ದೇನೆ, ನಿಧಾನಕ್ಕೆ ಕರಗಿ ನೀರನ್ನ ಹದದಲ್ಲಿ ಇಡ್ತದೆ. ಸುಟ್ಟ ಚಿಪ್ಪಿ ಸುಣ್ಣ ಅಲ್ಲ ಮತ್ತೆ, ಹಸಿ ಚಿಪ್ಪು. ಸುಣ್ಣ ಹಾಕಿದ್ರೆ ಮೊದಲನೇ ಸಲದ ಕಥೆಯೇ ಆಗ್ತದೆ.

ಇನ್ನು ಹಳ್ಳದ ಮೀನು ತಾಳೋದಿಲ್ಲ ಅನಿಸಿದ್ರೆ ಗಪ್ಪಿ ಬಿಡಿ, ಯಾವ ನೀರಲ್ಲೂ ಬದುಕ್ತವೆ, ಸೊಳ್ಳೆನೂ ಕಮ್ಮಿ ಆಗ್ತದೆ.

ಹೊಳವು (ಸಿದ್ದಾಪುರ)

ಮಳೆ ಅಲ್ಲ ಅನಿಸ್ತದೆ ನನಗೆ. ಬಸವನಹುಳ ಸತ್ತಿದೆ ಅಂದ್ರಲ್ಲ, ಅಲ್ಲೇ ಇದೆ ಉತ್ತರ. ಆಮ್ಲಜನಕ ಕಮ್ಮಿ ಆದ್ರೆ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಾಯಿ ಬಿಡ್ತದೆ, ಬಸವನಹುಳ ಗೋಡೆ ಹತ್ತಿ ನೀರಿಂದ ಹೊರಗೆ ಕೂತ್ಕೊಳ್ತದೆ. ಎರಡೂ ಒಟ್ಟಿಗೆ ಸತ್ತಿವೆ, ನೀರು ಮಾತ್ರ ತಿಳಿಯಾಗಿದೆ ಅಂದ್ರೆ ತಾಮ್ರ. ಟ್ಯಾಂಕಿ ಮೇಲೆ ಅಡಿಕೆ ಮರ ಬಾಗಿದೆಯಾ? ಹೋದ ವಾರ ಅಡಿಕೆ ಕೊಳೆ ರೋಗದ ಔಷಧಿ ಹೊಡೆಸಿದ್ರಾ?

ತೋಟದಮನೆ (ಶಿರಸಿ)

ಅಯ್ಯೋ. ಹೌದು. ಸೋಮವಾರ ಮಳೆ ಬಿಟ್ಟು ಹೊಳವಾಗಿತ್ತು, ಅಡಿಕೆ ಮರ ಹತ್ತೋ ಕೊನೆಗೌಡ ಸಿಕ್ಕಿದ್ದೇ ದೊಡ್ಡದು ಅಂತ ಎರಡನೇ ಸುತ್ತಿನ ಔಷಧಿ ಹೊಡೆಸಿದೆ. ಮಂಗಳವಾರ ಸಂಜೆಗೆ ಮೊದಲನೇ ಮೀನು ಸತ್ತಿದ್ದು. ಈಗ ಹೋಗಿ ನೋಡಿದೆ, ಟ್ಯಾಂಕಿ ಪಕ್ಕದ ಬಾಳೆ ಎಲೆ ಮೇಲೆ ನೀಲಿ ಬಿಳಿ ಚುಕ್ಕೆ ಒಣಗಿ ಕೂತಿದೆ, ಬೆರಳಲ್ಲಿ ಉಜ್ಜಿದ್ರೆ ಪುಡಿ ಬರ್ತದೆ. ಟ್ಯಾಂಕಿ ಮೇಲೆ ಮೂರು ಮರದ ಸೋಗೆ ಇದೆ. ಮುಚ್ಚಬೇಕು ಅಂತ ನನಗೆ ಹೊಳೀಲೇ ಇಲ್ಲ.

ಹೊಳವು (ಸಿದ್ದಾಪುರ)

ನಿಮ್ಮೊಬ್ಬರದ್ದೇ ಅಲ್ಲ, ನನ್ನದೂ ನಾಲ್ಕು ವರ್ಷದ ಹಿಂದೆ ಹೀಗೇ ಆಗಿದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕ್ತೇವಲ್ಲ, ಆ ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರನೇ. ಕೊಳೆ ರೋಗದ ಬೂಷ್ಟು ಸಾಯೋದು ಅದರಿಂದಲೇ, ಮೀನಿನ ಕಿವಿರು ಹಾಳಾಗೋದೂ ಅದರಿಂದಲೇ. ನಿಮ್ಮ ಟ್ಯಾಂಕಿ ಹೆಚ್ಚಂದ್ರೆ 1800 ಲೀಟರ್, ಮೀನಿಗೆ ಕುತ್ತು ಬರ್ಲಿಕ್ಕೆ ಸೋಗೆಯಿಂದ ತೊಟ್ಟಿಕ್ಕಿದ್ದೇ ಸಾಕು. ಅದರ ಮೇಲೆ ನಮ್ಮ ಕಡೆ ನೀರು ಮೆದು, ಗಡಸು ನೀರಾಗಿದ್ರೆ ತಾಮ್ರದ ವಿಷ ಸ್ವಲ್ಪ ಕಮ್ಮಿ ತಟ್ಟುತ್ತಿತ್ತು. ಕುಮಟಾದವರು ಹೇಳಿದ ಚಿಪ್ಪು ಇದಕ್ಕೂ ಒಳ್ಳೇದೇ.

ಈಗ ನೀರೆಲ್ಲ ತೆಗೀರಿ. ಬಸಿಗಾಲುವೆಗೆ ಬಿಡಬೇಡಿ, ಅದು ಸೀದಾ ಹಳ್ಳಕ್ಕೆ ಹೋಗ್ತದೆ, ಕೊಡದಲ್ಲಿ ಎತ್ತಿ ತೋಟದ ಒಳಗೆ ಅಲ್ಲಲ್ಲಿ ಹಂಚಿ ಹಾಕಿ. ತಳದ ಕೆಸರು ಪೂರ್ತಿ ಕೆರೆದು ತೆಗೀರಿ, ತಾಮ್ರ ಹೋಗಿ ಕೂರೋದೇ ಅಲ್ಲಿ, ನಾನು ಮೊದಲ ಸಲ ನೀರು ಮಾತ್ರ ಬದಲಿಸಿ ಕೆಸರು ಬಿಟ್ಟಿದ್ದಕ್ಕೆ ಮತ್ತೆ ಮೂರು ಮೀನು ಕಳ್ಕೊಂಡೆ. ತೆಂಗಿನ ಗುಂಜು ಹಾಕಿ ಗೋಡೆ ತಿಕ್ಕಿ, ಎರಡು ಮೂರು ಸಲ ತುಂಬಿಸಿ ಖಾಲಿ ಮಾಡಿ. ಆಮೇಲೆ ಮೀನು ಬಿಡಬೇಡಿ, ಮೊದಲು ನಾಲ್ಕು ಬಸವನಹುಳ ಬಿಡಿ. ಹದಿನೈದು ದಿನ ಅವು ಗೋಡೆ ಮೇಲೆ ಓಡಾಡ್ಕೊಂಡು ಇದ್ರೆ ನೀರು ಸರಿ ಇದೆ ಅಂತ ಲೆಕ್ಕ. ಪಾಪ ಅನಿಸ್ತದೆ, ಆದ್ರೆ ಇಷ್ಟು ಸೂಕ್ಷ್ಮವಾಗಿ ಹೇಳೋ ಸಾಧನ ಮನೆಲಿ ಬೇರೆ ಇಲ್ಲ.

ಮುಂದಿನ ವರ್ಷ ಔಷಧಿ ಹೊಡೆಯೋ ದಿನ ತಾಡಪಾಲು ಮುಚ್ಚಿ, ಆಮೇಲೂ ಎರಡು ಮೂರು ಜೋರು ಮಳೆ ಸೋಗೆ ತೊಳೆಯೋವರೆಗೆ ತೆಗೀಬೇಡಿ. ನೀರಿಗೆ ತಾಗೋ ಹಾಗೆ ಹಾಸಬೇಡಿ, ಅಡ್ಡ ದಬ್ಬೆ ಕಟ್ಟಿ ಒಂದಡಿ ಎತ್ತರಕ್ಕೆ ಇಳಿಜಾರು ಮಾಡಿ, ಗಾಳಿ ಆಡ್ಲಿ. ಮಾಡಿನ ನೀರೂ ಟ್ಯಾಂಕಿಗೆ ಬೀಳದ ಹಾಗೆ ನೋಡ್ಕೊಳ್ಳಿ.

ಕಾಳಿದಂಡೆ (ಕಾರವಾರ)

ಹೊಳವು ಅವರು ಹೇಳಿದ್ದಕ್ಕೆ ಸೇರಿಸೋದು ಏನೂ ಇಲ್ಲ. ಆದ್ರೆ ಗಪ್ಪಿ ಮಾತಿಗೆ ನನ್ನ ತಕರಾರು ಇದೆ. ಕುಮಟಾ ಅಣ್ಣ ಒಳ್ಳೆ ಮನಸ್ಸಿಂದ ಹೇಳಿದ್ದು, ಗೊತ್ತು. ಗಪ್ಪಿ ದಕ್ಷಿಣ ಅಮೆರಿಕದ್ದು, ಸೊಳ್ಳೆಗೆ ಅಂತಲೇ 1928ರಲ್ಲಿ ತಂದ ಗ್ಯಾಂಬೂಸಿಯಾ ಉತ್ತರ ಅಮೆರಿಕದ್ದು, ಎರಡೂ ಮೊಟ್ಟೆ ಇಡೋದಿಲ್ಲ, ಮರಿನೇ ಹಾಕ್ತವೆ, ಒಂದು ಬಸುರಿ ಮೀನು ತಪ್ಪಿಸ್ಕೊಂಡ್ರೂ ಒಂದು ಹಳ್ಳಕ್ಕೆ ಸಾಕು. ಶಿರಸಿ ಮಳೆಗೆ ತುಂಬಿ ಹರಿಯದ ಟ್ಯಾಂಕಿ ಇದೆಯಾ? ನಿಮ್ಮ ಹಳ್ಳ ಅಘನಾಶಿನಿಗೆ ಸೇರೋದಾದ್ರೆ ಯೋಚನೆ ಮಾಡಿ, ಒಂದು ಅಣೆಕಟ್ಟೂ ಇಲ್ಲದೆ ಸಮುದ್ರದವರೆಗೆ ಹರಿಯೋ ಹೊಳೆ ಅದು. ಉಂಚಳ್ಳಿಯ 116 ಮೀಟರ್ ಜಲಪಾತ ಕೆಳಗಿಂದ ಹತ್ತೋ ಮೀನನ್ನ ತಡೀತದೆ, ಮೇಲಿಂದ ಇಳಿಯೋದನ್ನ ತಡೆಯೋದಿಲ್ಲ.

ಸೊಳ್ಳೆ ಮರಿ ತಿನ್ಲಿಕ್ಕೆ ನಿಮ್ಮ ಚುಕ್ಕಿ ಮೀನೇ ಬೇಕಾದಷ್ಟಾಯ್ತು. ಅದು ಸ್ಟ್ರೈಪ್ಡ್ ಪ್ಯಾಂಚಾಕ್ಸ್, ಅಪ್ಲೋಕೈಲಸ್ ಲಿನಿಯೇಟಸ್ ಅಂತಾರೆ. ಬಾಯಿ ಮೇಲ್ಮುಖ, ಬೆನ್ನು ಚಪ್ಪಟೆ, ನೀರಿನ ಮೇಲ್ಪದರದಲ್ಲೇ ಇರೋ ಮೀನು. ಮೇಲಿಂದ ನೋಡಿದಾಗ ಹೊಳೆಯೋ ಆ ಚುಕ್ಕಿ ನಿಮ್ಮ ಟ್ಯಾಂಕಿಯಂಥ ಜಾಗದಲ್ಲೇ ಚಂದ ಕಾಣೋದು, ಗಾಜಿನ ಪೆಟ್ಟಿಗೆಲಿ ಪಕ್ಕದಿಂದ ನೋಡಿದ್ರೆ ಅದು ಕಾಣೋದೇ ಇಲ್ಲ. ಗಿಡದ ಬೇರಿಗೆ ಒಂದೊಂದೇ ಮೊಟ್ಟೆ ಅಂಟಿಸ್ತದೆ, ದೊಡ್ಡವು ಮರಿ ತಿಂದ್ಬಿಡ್ತವೆ ಹಾಗಾಗಿ ಬೇರು ದಟ್ಟ ಇರ್ಲಿ. ಕಪ್ಪು ಮಚ್ಚೆಯದ್ದು ಫಿಲಮೆಂಟ್ ಬಾರ್ಬ್ ಇರ್ಬೇಕು, ಗಂಡು ದೊಡ್ಡದಾದ್ರೆ ಬೆನ್ನಿನ ರೆಕ್ಕೆ ದಾರದ ಹಾಗೆ ಎಳೆ ಎಳೆಯಾಗಿ ಬೆಳೀತದೆ. ಅದಕ್ಕೆ ಗುಂಪು ಬೇಕು, ನಾಲ್ಕು ಸಾಲದು, ಎಂಟಾದ್ರೂ ಇರ್ಲಿ, ನೀರು ಸ್ವಲ್ಪ ಆಡ್ತಾ ಇರ್ಬೇಕು, ಸಣ್ಣ ಪಂಪ್ ಸಾಕು. ಮಿಂಚುಳ್ಳಿ ಬರ್ತದೆ, ಮೇಲೆ ಬಲೆ ಕಟ್ಟಿ. ನೀರು ಹೋಗೋ ಪೈಪಿನ ಬಾಯಿಗೂ ಸೊಳ್ಳೆ ಜಾಳಿಗೆ ಕಟ್ಟಿ.

ಮತ್ತೊಂದು ವಿಷಯ, ಈಗ ಮೀನು ತರ್ಲಿಕ್ಕೆ ಹಳ್ಳಕ್ಕೆ ಹೋಗಬೇಡಿ. ಹತ್ತುಮೀನಿನ ಕಾಲ, ಮೊಟ್ಟೆ ಇಡ್ಲಿಕ್ಕೆ ಗದ್ದೆ ತೋಡು ಅಂತ ಹತ್ತೋ ಮೀನನ್ನ ಈಗ ಹಿಡಿದ್ರೆ ಒಂದು ಹಿಡಿದ ಹಾಗಲ್ಲ. ನೀರು ಇಳಿದ ಮೇಲೆ, ದೀಪಾವಳಿ ಹೊತ್ತಿಗೆ, ಆ ವರ್ಷದ ಸಣ್ಣ ಮೀನು ಬೇಕಾದಷ್ಟು ಇರ್ತವೆ, ಅದರಲ್ಲಿ ಸ್ವಲ್ಪ ತನ್ನಿ, ನಿಮ್ಮದೇ ಹಳ್ಳದಿಂದ ತನ್ನಿ. ನಮ್ಮ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮೀನು ಮುಟ್ಟೋ ಹಾಗಿಲ್ಲ, ಅದು ಗೊತ್ತಿರ್ಲಿ. ಅಂಗಡಿಲಿ ಮಿಸ್ ಕೇರಳ ಅಂತ ಕೆಂಪು ಗೆರೆ ಮೀನು ತೋರಿಸ್ತಾರೆ, ಹಿಡಿದು ಮಾರಿಯೇ ಅಳಿವಿನಂಚಿಗೆ ಬಂದ ಮೀನು ಅದು, ದಯವಿಟ್ಟು ಬೇಡ.

ಗಜನಿಗದ್ದೆ (ಕುಮಟಾ)

ಗಪ್ಪಿ ಮಾತು ವಾಪಸ್ ತಗೊಂಡೆ. ಹರಿದು ಹೋಗೋ ನೀರಿನ ವಿಚಾರ ನಾನು ಯೋಚನೆ ಮಾಡಿರ್ಲಿಲ್ಲ. ನನ್ನ ಟ್ಯಾಂಕಿ ಪೈಪಿಗೂ ಇವತ್ತೇ ಜಾಳಿಗೆ ಕಟ್ಟಿದೆ.

ತೋಟದಮನೆ (ಶಿರಸಿ)

ಮೂರು ವಾರದ ಮೇಲೆ ಬರೀತಿದ್ದೇನೆ. ಕೆಸರು ತೆಗೆದಾಗ ನಾಲ್ಕು ಬುಟ್ಟಿ ಬಂತು. ಮೂರು ಸಲ ನೀರು ಬದಲಿಸಿದೆ, ಚಿಪ್ಪಿನ ಚೀಲ ಇಳಿಬಿಟ್ಟೆ, ಆ ಮೂರು ಸೋಗೆಯನ್ನೂ ಕಡಿಸಿದೆ. ಮೊದಲನೇ ವಾರ ಬಿಟ್ಟ ನಾಲ್ಕು ಬಸವನಹುಳ ನಾಲ್ಕೂ ಇವೆ. ನಿನ್ನೆ ಮಗಳು ನೈದಿಲೆ ಎಲೆ ಮಗುಚಿ ನೋಡಿ ಕರೆದಳು, ಅಡಿಲಿ ಲೋಳೆ ಲೋಳೆಯಾಗಿ ಮೊಟ್ಟೆ ಇಟ್ಟಿವೆ. ದೀಪಾವಳಿ ಕಳೆದ ಮೇಲೆ ಇಬ್ಬರೂ ಹಳ್ಳಕ್ಕೆ ಹೋಗ್ತೇವೆ.